ಕಂಬ ಹೋದರೂ ಗುಂಡಿ ಉಳಿದಿದೆ: ಆಕಾಶದ ಫೋಟೊಗಳಲ್ಲಿ ಇತಿಹಾಸಪೂರ್ವದ ಮರದ ಸ್ಮಾರಕಗಳನ್ನು ಓದುವುದು ಹೇಗೆ

1925ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ ಅಧಿಕಾರಿ ಗಿಲ್ಬರ್ಟ್ ಇನ್ಸಾಲ್ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಕಲ್ಲಿನ ವೃತ್ತದ ಹತ್ತಿರ ವಿಮಾನ ಹಾರಿಸುತ್ತಿದ್ದರು. ಕೆಳಗಿನ ಹೊಲದಲ್ಲಿ ಒಂದು ವೃತ್ತ ಕಂಡಿತು, ಅದರೊಳಗೆ ಚುಕ್ಕೆಗಳು. ನೆಲದ ಮೇಲಿದ್ದವರು ಅದನ್ನು ಉಳುಮೆಗೆ ಸಿಕ್ಕಿ ಸವೆದುಹೋದ ಸಮಾಧಿ ದಿಬ್ಬ ಅಂತಲೇ ಅಂದುಕೊಂಡಿದ್ದರು. ಮುಂದಿನ ಜುಲೈನಲ್ಲಿ ಗೋಧಿ ಎದ್ದು ನಿಂತಾಗ ಇನ್ಸಾಲ್ ಮತ್ತೆ ಹೋಗಿ ಫೋಟೊ ತೆಗೆದರು. ಈ ಸಲ ಚುಕ್ಕೆಗಳು ಸಾಲುಸಾಲಾಗಿ, ಒಂದರೊಳಗೊಂದು ಉಂಗುರಗಳಾಗಿ ಕಂಡವು. 1926ರಲ್ಲಿ ಮಾಡ್ ಮತ್ತು ಬೆನ್ ಕನಿಂಗ್ಟನ್ ದಂಪತಿ ಅಗೆಯಲು ಶುರು ಮಾಡಿದರು, ಆರು ಅಂಡಾಕಾರದ ಸುತ್ತುಗಳಲ್ಲಿ 168 ಕಂಬದ ಗುಂಡಿಗಳು ಸಿಕ್ಕವು. ಈಗ ಅದನ್ನು ವುಡ್‌ಹೆಂಜ್ ಅಂತ ಕರೆಯುತ್ತಾರೆ. ಗುಂಡಿಗಳಿದ್ದ ಜಾಗದಲ್ಲಿ ಇವತ್ತು ಕಾಂಕ್ರೀಟ್ ಕಂಬಗಳು ನಿಂತಿವೆ.

ಈ ಕಥೆಯಲ್ಲಿ ಎಲ್ಲೂ ಮರ ಇಲ್ಲ, ಗಮನಿಸಿದ್ರಾ? ಇನ್ಸಾಲ್ ನೋಡಿದ್ದು ಗೋಧಿಯನ್ನು, ಕನಿಂಗ್ಟನ್ ದಂಪತಿ ಅಗೆದದ್ದು ಮಣ್ಣು ತುಂಬಿದ ಗುಂಡಿಗಳನ್ನು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಮರ ಒಣ ನೆಲದಲ್ಲಿ ಉಳಿಯುವುದಿಲ್ಲ. ನೀರು ನಿಂತ ಜಾಗದಲ್ಲಿ ಮಾತ್ರ ಉಳಿಯುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಕಡಲತೀರದಲ್ಲಿ 1998ರಲ್ಲಿ ಸಿಕ್ಕ ಸೀಹೆಂಜ್ ಎಂಬ ಮರದ ವೃತ್ತ ಹಾಗೆ ಉಳಿದದ್ದು, ಅದರ ಓಕ್ ಮರಗಳ ಉಂಗುರ ಎಣಿಸಿ ಕ್ರಿ.ಪೂ. 2049ರಲ್ಲಿ ಕಡಿದದ್ದು ಅಂತ ಹೇಳಲಿಕ್ಕೂ ಆಯಿತು. ಆದರೆ ಅಂಥದ್ದು ಬಹಳ ಅಪರೂಪ. ಮಿಕ್ಕ ಕಡೆ ನಮಗೆ ಸಿಗುವುದು ಗುಂಡಿ, ಅದೂ ಬೆಳೆಯ ಬಣ್ಣದ ಮೂಲಕ. ಆದ್ದರಿಂದ ಈ ಕೆಲಸ ಕಲಿಯುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಕಂಡದ್ದನ್ನು ಮೊದಲು ಬರೆಯಿರಿ, ಹೆಸರು ಆಮೇಲೆ ಇಡಿ. "ಮರದ ವೃತ್ತ" ಅಂತ ಬರೆಯುವ ಮುಂಚೆ "ಸುಮಾರು 40 ಮೀಟರ್ ಅಗಲದ ವೃತ್ತದಲ್ಲಿ ಕಪ್ಪು ಚುಕ್ಕೆಗಳು" ಅಂತ ಬರೆಯಿರಿ. ಎರಡರ ನಡುವೆ ಎಷ್ಟು ದೂರ ಇದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಗುಂಡಿ ಯಾಕೆ ಕಾಣುತ್ತದೆ

ಒಂದು ಕಂಬದ ಕಥೆ ಗೊತ್ತಿದ್ದರೆ ಉಳಿದದ್ದು ಸುಲಭ. ನವಶಿಲಾಯುಗದ, ಅಂದರೆ ಬೇಸಾಯ ಶುರುವಾದ ಶಿಲಾಯುಗದ ಕೊನೆಯ ಕಾಲದ, ಜನ ಗರಸು ನೆಲದಲ್ಲೋ ಸೀಮೆಸುಣ್ಣದ ನೆಲದಲ್ಲೋ ಗುಂಡಿ ತೋಡಿದರು, ಓಕ್ ಕಂಬ ಇಳಿಸಿದರು, ಸುತ್ತ ಮಣ್ಣು ಕಲ್ಲು ಹಾಕಿ ಗಟ್ಟಿ ಮಾಡಿದರು. ಆಮೇಲೆ ಆ ಕಂಬ ನಿಂತಲ್ಲೇ ಕೊಳೆತಿರಬಹುದು, ಸುಟ್ಟಿರಬಹುದು, ಅಥವಾ ಯಾರೋ ಕಿತ್ತಿರಬಹುದು. ಏನೇ ಆಗಲಿ, ಗುಂಡಿಯಲ್ಲಿ ಕೊನೆಗೆ ತುಂಬಿಕೊಳ್ಳುವುದು ಮೇಲ್ಮಣ್ಣು: ಸಡಿಲವಾದ, ಗೊಬ್ಬರದಂಥ, ನೀರು ಹಿಡಿದಿಟ್ಟುಕೊಳ್ಳುವ ಮಣ್ಣು. ಸಾವಿರಾರು ವರ್ಷ ಉಳುಮೆ ಮಾಡಿದ ಮೇಲೆ ನೆಲ ಮೇಲಿಂದ ಮಟ್ಟಸವಾಗಿ ಕಾಣುತ್ತದೆ, ಆದರೆ ನೇಗಿಲು ಮುಟ್ಟದ ಆಳದಲ್ಲಿ ಆ ಗುಂಡಿ ಹಾಗೇ ಇದೆ.

ಮಳೆ ಸರಿಯಾಗಿ ಬರುವಾಗ ಎಲ್ಲ ಗಿಡಕ್ಕೂ ನೀರು ಸಿಗುತ್ತದೆ, ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಬರ ಬಂದಾಗ ಗರಸಿನ ಮೇಲಿನ ಗಿಡ ಬೇಗ ಹಳದಿಯಾಗುತ್ತದೆ. ಗುಂಡಿಯ ಮೇಲಿನ ಗಿಡದ ಬೇರು ಮಾತ್ರ ಕೆಳಗೆ ಇಳಿದು ಇನ್ನೂ ತೇವ ಹುಡುಕಿಕೊಳ್ಳುತ್ತದೆ, ಹಾಗಾಗಿ ಅದು ಎತ್ತರ ಬೆಳೆಯುತ್ತದೆ, ಜಾಸ್ತಿ ದಿನ ಹಸಿರಾಗಿರುತ್ತದೆ. ಮೇಲಿಂದ ನೋಡಿದರೆ ಹಳದಿ ಹೊಲದಲ್ಲಿ ಕಡುಹಸಿರು ಚುಕ್ಕೆ. ಇದನ್ನೇ ಬೆಳೆ ಗುರುತು ಅನ್ನುತ್ತಾರೆ. ಕೆಳಗೆ ಕಲ್ಲಿನ ಗೋಡೆ ಇದ್ದರೆ ಇದರ ಉಲ್ಟಾ: ಅಲ್ಲಿ ಗಿಡ ಬೇಗ ಒಣಗಿ ತೆಳುಬಣ್ಣದ ಗೆರೆಯಾಗಿ ಕಾಣುತ್ತದೆ.

ಇದರಿಂದ ಮೂರು ವಿಷಯ ತಾನಾಗಿಯೇ ಗೊತ್ತಾಗುತ್ತವೆ. ನೀರು ಬೇಗ ಬಸಿಯುವ ನೆಲದಲ್ಲಿ, ಅಂದರೆ ಗರಸು, ಮರಳು, ಸೀಮೆಸುಣ್ಣದಲ್ಲಿ ಗುರುತು ಚೆನ್ನಾಗಿ ಬರುತ್ತದೆ. ಜೇಡಿಮಣ್ಣಿನಲ್ಲಿ ಕಷ್ಟ, ಬಹಳ ದೊಡ್ಡ ಬರ ಬೇಕು. ಬೆಳೆಗಳಲ್ಲಿ ಬಾರ್ಲಿಯೇ ಎಲ್ಲಕ್ಕಿಂತ ಒಳ್ಳೆಯದು, ಗೋಧಿ ಅದರ ಹಿಂದೆ. ಹುಲ್ಲುಗಾವಲು ತೀರಾ ಒಣಗಿದಾಗ ಮಾತ್ರ ಬಾಯಿ ಬಿಡುತ್ತದೆ. ಇನ್ನು ಕಾಲ: ಬ್ರಿಟನ್ನಿನಲ್ಲಾದರೆ ಜೂನ್, ಜುಲೈ, ಬೆಳೆ ಹಣ್ಣಾಗುವ ಕೆಲವೇ ದಿನ. ಒಂದು ವಾರ ತಡವಾದರೆ ಇಡೀ ಹೊಲ ಒಂದೇ ಬಣ್ಣಕ್ಕೆ ತಿರುಗಿಬಿಡಬಹುದು.

ಉತ್ತ ಹೊಲದಲ್ಲಿ ಮಣ್ಣಿನ ಬಣ್ಣದಿಂದ ಬರುವ ಗುರುತು, ಇಳಿಬಿಸಿಲಿನಲ್ಲಿ ಕಾಣುವ ನೆರಳು, ಹಿಮ ಕರಗುವಾಗ ಕಾಣುವ ಗೆರೆ ಇವೆಲ್ಲವೂ ಇವೆ. ಆದರೆ ಕಂಬದ ಗುಂಡಿ ಸಣ್ಣದು, ಅದನ್ನು ಹುಡುಕುವವರಿಗೆ ಬೆಳೆಯೇ ಮುಖ್ಯ ಆಸರೆ.

ಎಲ್ಲಿಂದ ಶುರು ಮಾಡುವುದು

ವಿಮಾನ ಬೇಡ, ಡ್ರೋನ್ ಕೂಡ ಬೇಡ. ಮೊದಲ ಆರು ತಿಂಗಳು ಕಂಪ್ಯೂಟರ್ ಪರದೆ ಸಾಕು. ಮತ್ತೆ ದಯವಿಟ್ಟು ಹೊಸದೇನಾದರೂ ಸಿಗುತ್ತಾ ಅಂತ ಹುಡುಕಲು ಹೋಗಬೇಡಿ. ಈಗಾಗಲೇ ಅಗೆದು ನೋಡಿರುವ ಜಾಗಗಳ ಫೋಟೊ ನೋಡಿ. ಅಲ್ಲಿ ನಿಮಗೆ ಉತ್ತರ ಗೊತ್ತಿರುತ್ತದೆ, ಹಾಗಾಗಿ ಕಣ್ಣು ಪಳಗುತ್ತದೆ.

ಇಂಗ್ಲೆಂಡಿಗೆ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ವೈಮಾನಿಕ ಪುರಾತತ್ವದ ನಕ್ಷೆ ಇದೆ, 2021ರಿಂದ ಎಲ್ಲರಿಗೂ ಉಚಿತ, ದೇಶದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಕಂಡ ಗುರುತುಗಳನ್ನು ಗೆರೆ ಎಳೆದು ತೋರಿಸಿದ್ದಾರೆ. ವೇಲ್ಸ್‌ಗೆ ಕೋಫ್ಲೈನ್ ಅನ್ನುವ ದಾಖಲೆ ಇದೆ. ಸ್ಕಾಟ್ಲೆಂಡಿನ ಫೋಟೊಗಳು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಗ್ರಹದಲ್ಲಿವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಗ್ರಹವನ್ನು ಕಟ್ಟಿದವರು ಜೆ. ಕೆ. ಸೇಂಟ್ ಜೋಸೆಫ್, ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಹಾರಲು ಶುರು ಮಾಡಿದವರು. ಆ ಕಪ್ಪುಬಿಳುಪು ಫೋಟೊಗಳನ್ನು ಬಿಡಬೇಡಿ. ಎಷ್ಟೋ ಜಾಗದಲ್ಲಿ ಈಗ ರಸ್ತೆಯೋ ಗರಸಿನ ಗಣಿಯೋ ಬಂದಿದೆ, ಆ ಫೋಟೊ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ.

ಇದರ ಜೊತೆ ಗೂಗಲ್ ಅರ್ತ್‌ನಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಪಟ್ಟಿ ಇದೆಯಲ್ಲ, ಅದನ್ನು ಹಿಂದೆ ಮುಂದೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಹೊಲವನ್ನು ಹತ್ತು ಬೇರೆ ಬೇರೆ ವರ್ಷದಲ್ಲಿ ನೋಡಿ. ಒಂಬತ್ತು ಸಲ ಏನೂ ಕಾಣುವುದಿಲ್ಲ. ಹತ್ತನೇ ಸಲ, ಬರಗಾಲದ ವರ್ಷ, ಬಾರ್ಲಿ ಹಾಕಿದ್ದಾಗ, ಅಲ್ಲಿ ಇಡೀ ಒಂದು ಬೇಲಿ ಕಾಣುತ್ತದೆ. ಬ್ರಿಟನ್ನಿನಲ್ಲಿ 1976, 2018, 2022ರ ಬೇಸಿಗೆಗಳು ಹಾಗೆ ಒಣಗಿದವು, ಮೊದಲು ಆ ವರ್ಷಗಳನ್ನೇ ನೋಡಿ.

2018ರ ಜುಲೈನಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ನವಶಿಲಾಯುಗದ ಸಮಾಧಿಯ ಹತ್ತಿರ ಆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಪುರಾತತ್ವ ಸಂಶೋಧಕರು ದಶಕಗಳಿಂದ ಓಡಾಡಿದ ಕಣಿವೆ ಅದು. ಆಂಟನಿ ಮರ್ಫಿ ಮತ್ತು ಕೆನ್ ವಿಲಿಯಮ್ಸ್ ಬರದ ನಡುವೆ ಡ್ರೋನ್ ಹಾರಿಸಿದಾಗ, ಯಾರಿಗೂ ಗೊತ್ತಿಲ್ಲದ ಒಂದು ದೊಡ್ಡ ವೃತ್ತ ಹೊಲದಲ್ಲಿ ಅಚ್ಚೊತ್ತಿದ ಹಾಗೆ ಕಂಡಿತು, ತುಂಡುತುಂಡು ಕಂದಕ, ಅದರ ಜೊತೆ ಗುಂಡಿಗಳ ಸಾಲು. ಅದಕ್ಕೆ ಡ್ರೋನ್‌ಹೆಂಜ್ ಅಂತಲೇ ಹೆಸರು ಬಿತ್ತು. ಅಂದರೆ ಕಾಣದಿರುವುದು ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ. ನಕ್ಷೆಯಲ್ಲಿ ಖಾಲಿ ಇರುವ ಜಾಗ ಅಂದರೆ ಹುಲ್ಲುಗಾವಲು, ಕಾಡು, ಜೇಡಿಮಣ್ಣು, ಅಥವಾ ಯಾರೂ ಸರಿಯಾದ ವಾರದಲ್ಲಿ ಹಾರದ ಜಾಗ. ಹಂಚಿಕೆಯ ನಕ್ಷೆ ಮಾಡುವಾಗ ಇದನ್ನು ಮರೆತವರು ತುಂಬಾ ಇದ್ದಾರೆ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಏನನ್ನು ಹುಡುಕಬೇಕು

ಆಕಾರಗಳು ಬಹಳ ಇಲ್ಲ, ಆದರೆ ಅಳತೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಫೋಟೊ ನೋಡುವಾಗ ಪಕ್ಕದಲ್ಲಿ ಮೀಟರ್ ಪಟ್ಟಿ ಇಟ್ಟುಕೊಳ್ಳಿ. ಅಳತೆ ಇಲ್ಲದೆ ಆಕಾರ ಮಾತ್ರ ನೋಡಿದರೆ ಖಂಡಿತ ತಪ್ಪುತ್ತೀರಿ.

ವೃತ್ತಗಳು ಎಲ್ಲರಿಗೂ ಮೊದಲು ಕಾಣುತ್ತವೆ. ವುಡ್‌ಹೆಂಜ್‌ನ ಹೊರಸುತ್ತು ಸುಮಾರು 43 ಮೀಟರ್ ಉದ್ದ, 40 ಮೀಟರ್ ಅಗಲ. ಇನ್ಸಾಲ್ ಅವರೇ 1929ರಲ್ಲಿ ನಾರಿಚ್ ಹತ್ತಿರದ ಆರ್ಮಿಂಗ್‌ಹಾಲ್‌ನಲ್ಲಿ ಇನ್ನೊಂದನ್ನು ಕಂಡರು, ಅಲ್ಲಿ ಕಂದಕಗಳ ಒಳಗೆ ಕುದುರೆ ಲಾಳದ ಆಕಾರದಲ್ಲಿ ಎಂಟೇ ಎಂಟು ಗುಂಡಿ. 1935ರಲ್ಲಿ ಗ್ರಹಾಂ ಕ್ಲಾರ್ಕ್ ಅಗೆದಾಗ ಆ ಕಂಬಗಳು ಹತ್ತಿರ ಹತ್ತಿರ ಒಂದು ಮೀಟರ್ ದಪ್ಪ ಇದ್ದವು ಅಂತ ತಿಳಿಯಿತು. ಎಂಟು ಚುಕ್ಕೆ ಅಂದರೆ ಫೋಟೊದಲ್ಲಿ ಏನೂ ಅಲ್ಲ, ಆದರೆ ನೆಲದ ಮೇಲೆ ಅದು ಎಂಟು ಮಹಾವೃಕ್ಷ.

ಉದ್ದವಾದ ಆವರಣಗಳು ಇನ್ನೊಂದು ಬಗೆ, ಇವುಗಳಿಗೆ ಕರ್ಸಸ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇವು ಸಾಮಾನ್ಯವಾಗಿ ಕಂದಕದವು. ಸ್ಕಾಟ್ಲೆಂಡಿನ ತಗ್ಗು ಪ್ರದೇಶದಲ್ಲಿ ಮಾತ್ರ ಮರದ ಕಂಬಗಳಿಂದಲೇ ಮಾಡಿದವು ಸಿಗುತ್ತವೆ. ಆಂಗಸ್‌ನ ಡಗ್ಲಸ್‌ಮ್ಯೂರ್‌ನಲ್ಲಿ ಒಂದಿದೆ, ಸುಮಾರು 65 ಮೀಟರ್ ಉದ್ದ, 20 ಮೀಟರ್ ಅಗಲ, ಒಳಗೆ ಅಡ್ಡಸಾಲಿನಿಂದ ಎರಡು ಭಾಗ. ಕಂಬಗಳು ಓಕ್, ಸುಟ್ಟುಹೋಗಿದ್ದವು.

ಆಮೇಲೆ ಕಂಬದ ಬೇಲಿಗಳು. ಇವುಗಳ ಗಾತ್ರ ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಸ್ಕಾಟ್ಲೆಂಡಿನ ಫೋರ್ಟಿವಿಯಟ್‌ನಲ್ಲಿ ಬೇಲಿಯ ಅಡ್ಡಳತೆ ಸುಮಾರು 265 ಮೀಟರ್. ಸೇಂಟ್ ಜೋಸೆಫ್ ಅದನ್ನು 1970ರ ದಶಕದಲ್ಲಿ ವಿಮಾನದಿಂದ ಕಂಡರು, ಗ್ಲಾಸ್ಗೋ ವಿಶ್ವವಿದ್ಯಾಲಯದವರು 2007ರ ನಂತರ ಅಗೆದರು. ಡನ್‌ರಾಗಿಟ್‌ನಲ್ಲಿ ಮೂರು ಸುತ್ತು ಕಂಬಗಳು, ಹೊರಸುತ್ತು ಸುಮಾರು 300 ಮೀಟರ್. ವೇಲ್ಸ್‌ನ ವಾಲ್ಟನ್ ಕಣಿವೆಯ ಹಿಂಡ್‌ವೆಲ್ ಬೇಲಿ ಸುಮಾರು 34 ಹೆಕ್ಟೇರ್ ನೆಲವನ್ನು ಸುತ್ತಿಕೊಂಡಿತ್ತು, ಅದಕ್ಕೆ ಸುಮಾರು 1,400 ಓಕ್ ಕಂಬ ಬೇಕಾಗಿತ್ತು ಅಂತ ಲೆಕ್ಕ. ಇಷ್ಟು ದೊಡ್ಡದು ಒಂದು ಫೋಟೊದಲ್ಲಿ ಸಿಗುವುದಿಲ್ಲ. ಒಂದು ಹೊಲದಲ್ಲಿ ಬಾಗಿದ ಚುಕ್ಕೆಸಾಲಿನ ಒಂದು ತುಣುಕು, ಇನ್ನೊಂದು ವರ್ಷ ಮೂರನೇ ಹೊಲದಲ್ಲಿ ಇನ್ನೊಂದು ತುಣುಕು. ಆದ್ದರಿಂದ ಚುಕ್ಕೆಸಾಲು ಹೊಲದ ಬದುವಿನಲ್ಲಿ ನಿಂತುಹೋದರೆ ಅಲ್ಲೇ ಮುಗಿಯಿತು ಅನ್ನಬೇಡಿ. ಬಾಗು ಎತ್ತ ಹೋಗುತ್ತಿದೆ ನೋಡಿ, ಆ ಬಾಗನ್ನು ಮುಂದುವರಿಸಿ, ಬದುವಿನ ಆಚೆ ಬೇರೆ ವರ್ಷದ ಚಿತ್ರಗಳಲ್ಲಿ ಹುಡುಕಿ.

ಮಧ್ಯ ಯೂರೋಪಿನಲ್ಲಿ ಕಥೆ ಇನ್ನೂ ಹಳೆಯದು. ಜರ್ಮನಿಯ ಗೋಸೆಕ್ ವೃತ್ತವನ್ನು 1991ರಲ್ಲಿ ಒಟ್ಟೊ ಬ್ರಾಶ್ ವಿಮಾನದಿಂದ ಕಂಡರು. ಕ್ರಿ.ಪೂ. 4900ರ ಹೊತ್ತಿನದು, ಕಂದಕದೊಳಗೆ ಎರಡು ಸುತ್ತು ಮರದ ಬೇಲಿ. ಅದೇ ವರ್ಷ ಅವರೇ ಪೊಮ್ಮೆಲ್ಟೆಯನ್ನೂ ಕಂಡರು, ಸುಮಾರು 115 ಮೀಟರ್ ಅಗಲ, ಆದರೆ ಕಾಲ ಕ್ರಿ.ಪೂ. 2300ರ ಆಸುಪಾಸು. ಎರಡೂ ವೃತ್ತ, ಎರಡರಲ್ಲೂ ಕಂಬ, ಎರಡೂ ಒಂದೇ ರಾಜ್ಯದಲ್ಲಿ, ನಡುವೆ ಎರಡೂವರೆ ಸಾವಿರ ವರ್ಷದ ಅಂತರ! ಎರಡನ್ನೂ ಈಗ ಕಂಬ ನೆಟ್ಟು ಮತ್ತೆ ಕಟ್ಟಿದ್ದಾರೆ. ಗೋಸೆಕ್ 2005ರಲ್ಲಿ, ಪೊಮ್ಮೆಲ್ಟೆ 2016ರಲ್ಲಿ ಜನರಿಗೆ ತೆರೆದುಕೊಂಡವು.

ಬಾಲ್‌ಬ್ರಿಡಿ ಕಲಿಸಿದ ಪಾಠ

ಫೋಟೊದಲ್ಲಿ ಕಾಲ ಬರೆದಿರುವುದಿಲ್ಲ. ಇದನ್ನು ಬಾಲ್‌ಬ್ರಿಡಿಯಷ್ಟು ಚೆನ್ನಾಗಿ ಕಲಿಸಿದ ಜಾಗ ಇನ್ನೊಂದಿಲ್ಲ.

1976ರ ಬರದಲ್ಲಿ ಸ್ಕಾಟ್ಲೆಂಡಿನ ಡೀ ನದಿಯ ದಂಡೆಯಲ್ಲಿ ಒಂದು ದೊಡ್ಡ ಮನೆಯ ಆಕಾರ ಬೆಳೆಯಲ್ಲಿ ಕಂಡಿತು. ಸುಮಾರು 24 ಮೀಟರ್ ಉದ್ದ, 12 ಮೀಟರ್ ಅಗಲ. ಅಷ್ಟು ದೊಡ್ಡ ಮರದ ಮನೆ ಅಂದರೆ ಮಧ್ಯಯುಗದ ಆರಂಭದ ಯಾವುದೋ ನಾಯಕನ ಸಭಾಮಂದಿರ ಅಂತ ಎಲ್ಲರೂ ತಿಳಿದರು. ಅದಕ್ಕೆ ಕಾರಣವೂ ಇತ್ತು. ಡೂನ್ ಹಿಲ್ ಎಂಬಲ್ಲಿ ಅಂಥದ್ದೇ ಮನೆ ಅಗೆದಿದ್ದರು, ಅದನ್ನೂ ಅದೇ ಕಾಲದ್ದು ಅಂದುಕೊಂಡಿದ್ದರು. 1977ರಿಂದ ಇಯಾನ್ ರಾಲ್‌ಸ್ಟನ್ ಮತ್ತು ನಿಕೋಲಸ್ ರೆನಾಲ್ಡ್ಸ್ ಬಾಲ್‌ಬ್ರಿಡಿಯನ್ನು ಅಗೆದರು. ಒಳಗೆ ಸುಟ್ಟ ಧಾನ್ಯದ ಕಾಳು ಸಿಕ್ಕಿತು, ಸುಮಾರು 20,000 ಕಾಳು. ಅವುಗಳ ವಯಸ್ಸು ಹೇಳುವ ರೇಡಿಯೊಕಾರ್ಬನ್ ಪರೀಕ್ಷೆಯಲ್ಲಿ ಬಂದ ಉತ್ತರ ಕ್ರಿ.ಪೂ. ನಾಲ್ಕನೇ ಸಹಸ್ರಮಾನ! ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ತಪ್ಪಿತ್ತು. ಬ್ರಿಟನ್ನಿಗೆ ಬೇಸಾಯ ಬಂದ ಹೊಸತರಲ್ಲಿ ಕಟ್ಟಿದ ಮನೆ ಅದು. ಕೊನೆಗೆ ಡೂನ್ ಹಿಲ್‌ನ ಆ ಮನೆಯೂ ನವಶಿಲಾಯುಗದ್ದೇ ಅಂತ ಗೊತ್ತಾಯಿತು, ಅಂದರೆ ಹೋಲಿಕೆ ಸರಿಯಾಗೇ ಇತ್ತು, ಕಾಲ ಮಾತ್ರ ಎರಡಕ್ಕೂ ತಪ್ಪಾಗಿತ್ತು.

ಫೋಟೊ ನೋಡಿದವರು ದಡ್ಡರಲ್ಲ, ಆ ದೇಶದಲ್ಲೇ ಅತಿ ಅನುಭವಿಗಳು. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಎರಡು ಬೇರೆ ಬೇರೆ ಜಾಗ ಇಟ್ಟುಕೊಳ್ಳಿ, ಒಂದರಲ್ಲಿ ಕಂಡದ್ದು, ಇನ್ನೊಂದರಲ್ಲಿ ನೀವು ಊಹಿಸಿದ್ದು, ಊಹೆಯ ಪಕ್ಕ ಯಾಕೆ ಹಾಗೆ ಅನ್ನಿಸಿತು ಅನ್ನುವ ಒಂದು ಸಾಲು. ಹತ್ತು ವರ್ಷದ ಮೇಲೆ ಊಹೆ ಬದಲಾದರೂ ಕಂಡದ್ದು ಹಾಗೇ ಕೆಲಸಕ್ಕೆ ಬರುತ್ತದೆ.

ಮೋಸ ಮಾಡುವ ಗುರುತುಗಳು

ಹೊಸಬರು ಕಳಿಸುವ ಚಿತ್ರಗಳಲ್ಲಿ ಹೆಚ್ಚಿನವು ಈ ಗುಂಪಿಗೆ ಸೇರುತ್ತವೆ. ಬೇಸರ ಬೇಡ, ಎಲ್ಲರೂ ಈ ದಾರಿಯಲ್ಲೇ ಬಂದವರು.

ದನಗಳಿಗೆ ಮೇವು ಹಾಕುವ ದುಂಡನೆಯ ಕಬ್ಬಿಣದ ಚೌಕಟ್ಟು ಇಟ್ಟಲ್ಲಿ ಅಚ್ಚುಕಟ್ಟಾದ ಉಂಗುರ ಉಳಿಯುತ್ತದೆ, ಆದರೆ ಅದು ಎರಡು ಮೂರು ಮೀಟರ್ ಅಷ್ಟೇ. ಅಣಬೆ ಬೆಳೆದು ಹರಡುವ ಉಂಗುರ ವರ್ಷ ವರ್ಷಕ್ಕೆ ದೊಡ್ಡದಾಗುತ್ತದೆ, ಬೇರೆ ಬೇರೆ ವರ್ಷದ ಚಿತ್ರ ಹೋಲಿಸಿದರೆ ಸಿಕ್ಕಿಬೀಳುತ್ತದೆ. ಹಳೆಯ ಹಣ್ಣಿನ ತೋಟದ ಗುಂಡಿಗಳು ಚೌಕಾಕಾರವಾಗಿ ಸಾಲುಗಟ್ಟಿರುತ್ತವೆ. ಗಾಳಿಗೆ ಬುಡಸಮೇತ ಬಿದ್ದ ಮರದ ಗುಂಡಿ ಅರ್ಧಚಂದ್ರದ ಹಾಗಿರುತ್ತದೆ, ಅಂಚು ಒರಟು. ಹಿಮಯುಗದಲ್ಲಿ ನೆಲ ಬಿರಿದು ಆದ ಗೆರೆಗಳು ಬಹುಭುಜಗಳ ಬಲೆಯ ಹಾಗೆ ಹೊಲ ತುಂಬ ಹರಡಿರುತ್ತವೆ.

ಎರಡನೇ ಮಹಾಯುದ್ಧದ ಗುರುತುಗಳು ಜಾಸ್ತಿ ಕಷ್ಟ ಕೊಡುತ್ತವೆ. ಶತ್ರುವಿಮಾನ ಹುಡುಕುವ ದೀಪಗಳ ನೆಲೆಗಳು ವೃತ್ತಾಕಾರದ ಕಂದಕ ಬಿಟ್ಟಿವೆ. ಶತ್ರುಗಳ ಗ್ಲೈಡರ್ ಇಳಿಯದಂತೆ ಬಯಲಿನಲ್ಲಿ ಸಾಲಾಗಿ ಕಂಬ ನೆಟ್ಟಿದ್ದರು, ಆ ಗುಂಡಿಗಳೂ ಚುಕ್ಕೆಸಾಲೇ. ಇದಕ್ಕೆ ಮದ್ದು ಒಂದೇ: 1940ರ ದಶಕದ ವಾಯುಪಡೆಯ ಫೋಟೊ ತೆಗೆದು ನೋಡಿ. ಅಲ್ಲಿ ಅದು ಹೊಸದಾಗಿ ನಿಂತಿದ್ದರೆ ಪ್ರಶ್ನೆ ಮುಗಿಯಿತು.

ಇನ್ನೊಂದು ವಿಷಯ, ಇಲ್ಲಿ ತಜ್ಞರೂ ಎಡವುತ್ತಾರೆ: ಗುಂಡಿ ಅಂದರೆ ಕಂಬ ಅಲ್ಲ. ಸುಮ್ನೆ ತೋಡಿ ಮುಚ್ಚಿದ ಗುಂಡಿಯೂ ಮೇಲಿಂದ ಹಾಗೇ ಕಾಣುತ್ತದೆ. ಬಾಲ್‌ಬ್ರಿಡಿಯ ಎದುರು ದಂಡೆಯಲ್ಲಿ, ಕ್ರೇಥಿಸ್‌ನ ವಾರನ್ ಫೀಲ್ಡ್‌ನಲ್ಲಿ, ನವಶಿಲಾಯುಗದ ಮರದ ಮನೆಯೂ ಇದೆ, ಅದರ ಹತ್ತಿರವೇ ಅದಕ್ಕಿಂತ ಸಾವಿರಾರು ವರ್ಷ ಹಳೆಯ 12 ಗುಂಡಿಗಳ ಸಾಲೂ ಇದೆ. ಹಾಗಾಗಿ ಫೋಟೊ ಮಾತ್ರ ಕೈಯಲ್ಲಿದ್ದಾಗ "ಗುಂಡಿಗಳ ಸಾಲು" ಅನ್ನುವುದೇ ಸರಿಯಾದ ಮಾತು. ಗುಂಡಿಗಳ ನಡುವಿನ ಅಂತರ ಒಂದೇ ಸಮ ಇದ್ದರೆ, ಮೂಲೆಗಳು ಅಚ್ಚುಕಟ್ಟಾಗಿದ್ದರೆ, ಬಾಗಿಲಿನ ಎರಡು ಬದಿಗೆ ದೊಡ್ಡ ಗುಂಡಿ ಇದ್ದರೆ ಕಂಬದ ಸಾಧ್ಯತೆ ಹೆಚ್ಚು, ಅಷ್ಟೇ.

ಗೆರೆ ಎಳೆಯುವುದು

ಓರೆಯಾಗಿ ತೆಗೆದ ಫೋಟೊದಲ್ಲಿ ವೃತ್ತ ಅಂಡಾಕಾರವಾಗಿ ಕಾಣುತ್ತದೆ, ಅದರ ಮೇಲೆ ಅಳತೆ ಮಾಡಲು ಬರುವುದಿಲ್ಲ. ಮೊದಲು ಅದನ್ನು ನಕ್ಷೆಗೆ ಹೊಂದಿಸಬೇಕು. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಇದಕ್ಕೆ ಜಿಯೊರೆಫರೆನ್ಸರ್ ಅನ್ನುವ ಸಾಧನ ಇದೆ. ಫೋಟೊದಲ್ಲೂ ನಕ್ಷೆಯಲ್ಲೂ ಇರುವ ಜಾಗಗಳನ್ನು, ಅಂದರೆ ಹೊಲದ ಮೂಲೆ, ಕಟ್ಟಡದ ಮೂಲೆ, ರಸ್ತೆ ಕೂಡುವ ಜಾಗ, ಇವನ್ನು ಒಂದಕ್ಕೊಂದು ಜೋಡಿಸಬೇಕು. ನಾಲ್ಕು ಬಿಂದು ಕನಿಷ್ಠ, ಆದರೆ ನಾಲ್ಕಕ್ಕೆ ನಿಲ್ಲಿಸಬೇಡಿ. ಆರೇಳು ಇದ್ದರೆ ಯಾವ ಬಿಂದು ತಪ್ಪು ಅನ್ನುವುದು ತಂತ್ರಾಂಶವೇ ತೋರಿಸುತ್ತದೆ. ಬಿಂದುಗಳು ಗುರುತಿನ ಸುತ್ತಲೂ ಹರಡಿರಬೇಕು. ಎಲ್ಲವೂ ಒಂದೇ ಕಡೆ ಇದ್ದರೆ ಇನ್ನೊಂದು ಕಡೆ ಚಿತ್ರ ಎಳೆದುಕೊಂಡು ಹೋಗುತ್ತದೆ. ಮಟ್ಟಸ ನೆಲಕ್ಕೆ ಫೋಟೊದ ಓರೆಯನ್ನು ಸರಿಪಡಿಸುವ ಪ್ರೊಜೆಕ್ಟಿವ್ ವಿಧಾನ ಸಾಕು. ಇಳಿಜಾರಿದ್ದರೆ ಅದು ಕೈಕೊಡುತ್ತದೆ, ಆಗ ನೆಲದ ಎತ್ತರದ ಮಾಹಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ತಂತ್ರಾಂಶ ಬೇಕು.

ಹೊಂದಿಸಿದ ಮೇಲೆ ಒಂದು ಗುಂಡಿಗೆ ಒಂದು ಚುಕ್ಕೆ ಹಾಕಿ. ಸಾಲು ಕಂಡಿತು ಅಂತ ಉದ್ದಕ್ಕೆ ಗೆರೆ ಎಳೆದುಬಿಡಬೇಡಿ, ಕಾಣದ ಗುಂಡಿಯನ್ನು ಸಾಲು ತುಂಬಲಿ ಅಂತ ಸೇರಿಸಬೇಡಿ. ನಾನು ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುತ್ತೇನೆ: ಸ್ಪಷ್ಟ ಇದ್ದರೆ 1, ಇರಬಹುದು ಅನ್ನಿಸಿದರೆ 2, ಸಾಲಿನಲ್ಲಿದೆ ಅನ್ನುವ ಕಾರಣಕ್ಕೆ ಮಾತ್ರ ಕಾಣುತ್ತಿದೆಯೇನೋ ಅನ್ನಿಸಿದರೆ 3. ಈ ಮೂರನೆಯದನ್ನು ಒಪ್ಪಿಕೊಳ್ಳಲು ಸ್ವಲ್ಪ ಮನಸ್ಸು ಗಟ್ಟಿ ಬೇಕು. ಬೇರೆ ವರ್ಷದ ಫೋಟೊವನ್ನು ಬೇರೆ ಪದರದಲ್ಲಿ ಹಾಕಿ, ಮೊದಲಿನದನ್ನು ಮುಚ್ಚಿಟ್ಟು ಮತ್ತೆ ಚುಕ್ಕೆ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ನೋಡಿ. ಎರಡರಲ್ಲೂ ಬಂದ ಚುಕ್ಕೆಗೆ ಬೆಲೆ ಹೆಚ್ಚು.

ಬೆಳೆಯ ಗುರುತು ಗುಂಡಿಗಿಂತ ಸ್ವಲ್ಪ ಅಗಲವಾಗಿ ಹರಡಿರುತ್ತದೆ, ಗುಂಡಿ ಕಂಬಕ್ಕಿಂತ ಅಗಲ. ಆದ್ದರಿಂದ ಚುಕ್ಕೆಯ ಅಗಲ ಅಳೆದು ಕಂಬದ ದಪ್ಪ ಹೇಳಬೇಡಿ. ಗುಂಡಿಯ ನಡುಮಧ್ಯದಿಂದ ಮುಂದಿನ ಗುಂಡಿಯ ನಡುಮಧ್ಯಕ್ಕೆ ಇರುವ ಅಂತರ ಮಾತ್ರ ನಂಬಬಹುದಾದ ಅಳತೆ.

ಸೂರ್ಯನ ದಿಕ್ಕಿನ ವಿಷಯ ಯಾರಾದರೂ ಕೇಳಿಯೇ ಕೇಳುತ್ತಾರೆ. ಗೋಸೆಕ್‌ನಲ್ಲಿ ಆಗ್ನೇಯ ಮತ್ತು ನೈಋತ್ಯದ ಬಾಗಿಲುಗಳು ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯೋದಯಕ್ಕೂ ಸೂರ್ಯಾಸ್ತಕ್ಕೂ ಹೊಂದುತ್ತವೆ, ಆದರೆ ಅದನ್ನು ಹೇಳಿದ್ದು ಅಗೆದು ಬಾಗಿಲುಗಳನ್ನು ಖಚಿತ ಮಾಡಿಕೊಂಡ ಮೇಲೆ. ಫೋಟೊದಲ್ಲಿ ಕಾಣುವ ಬಾಗಿಲು ಬಾಗಿಲೇ ಆಗಿರಬೇಕಿಲ್ಲ. ಅಲ್ಲಿ ಟ್ರ್ಯಾಕ್ಟರ್ ಚಕ್ರದ ದಾರಿ ಇರಬಹುದು, ಬೆಳೆ ಸರಿಯಾಗಿ ಬಾರದೆ ಇರಬಹುದು. ಇನ್ನು ನಿಮ್ಮ ಹೊಂದಿಕೆಯಲ್ಲಿ ಎರಡು ಮೀಟರ್ ತಪ್ಪಿದ್ದರೆ ಸಣ್ಣ ವೃತ್ತದಲ್ಲಿ ದಿಕ್ಕು ಹಲವು ಡಿಗ್ರಿ ತಿರುಗಿಬಿಡುತ್ತದೆ.

ನೀವೇ ಹಾರುವುದಾದರೆ

ಕಣ್ಣು ಪಳಗಿದ ಮೇಲೆ ಡ್ರೋನ್ ಹಿಡಿಯಿರಿ. ಬ್ರಿಟನ್ನಿನಲ್ಲಿ 120 ಮೀಟರ್‌ಗಿಂತ ಮೇಲೆ ಹಾರಿಸುವಂತಿಲ್ಲ, ನೋಂದಣಿ ಬೇಕು, ಹೊಲದ ಮಾಲೀಕರನ್ನು ಕೇಳುವುದು ಮರ್ಯಾದೆ. ಗುರುತಿನ ಸುತ್ತ ಒಂದು ಸುತ್ತು ಹೊಡೆದು ಎಲ್ಲ ದಿಕ್ಕಿನಿಂದ ಫೋಟೊ ತೆಗೆಯಿರಿ, ಯಾಕೆಂದರೆ ಬೆಳೆಯ ಎತ್ತರದ ವ್ಯತ್ಯಾಸ ಬೆಳಕಿಗೆ ಎದುರಾಗಿ ನೋಡಿದಾಗ ಕಾಣುತ್ತದೆ, ಬೆಳಕಿನ ಜೊತೆ ನೋಡಿದರೆ ಕೆಲವು ಸಲ ಪೂರ್ತಿ ಮಾಯವಾಗುತ್ತದೆ. ಒಂದೆರಡು ಫೋಟೊದಲ್ಲಿ ಅಗಲವಾಗಿ ಹೊಲದ ಮೂಲೆಗಳೂ ಬರಲಿ. ಚಂದದ ಹತ್ತಿರದ ಫೋಟೊ ಮಾತ್ರ ತೆಗೆದು ಮನೆಗೆ ಬಂದರೆ ನಕ್ಷೆಗೆ ಹೊಂದಿಸಲು ಒಂದು ಮೂಲೆಯೂ ಸಿಗುವುದಿಲ್ಲ. ಅದೇ ಹೊಲಕ್ಕೆ ನಾಲ್ಕೈದು ದಿನ ಬಿಟ್ಟು ಮತ್ತೆ ಹೋಗಿ.

ನೆಲಕ್ಕೆ ಇಳಿದಾಗ

ಲೈಡಾರ್ ಬಗ್ಗೆ ಹೊಸಬರಿಗೆ ಬಹಳ ಆಸೆ ಇರುತ್ತದೆ. ಅದು ಮೇಲಿಂದ ಲೇಸರ್ ಬೆಳಕು ಬಿಟ್ಟು ನೆಲದ ಏರುತಗ್ಗು ಅಳೆಯುತ್ತದೆ, ಕಂದಕವೋ ದಿಬ್ಬವೋ ಸ್ವಲ್ಪ ಉಳಿದಿದ್ದರೆ ಚೆನ್ನಾಗಿ ತೋರಿಸುತ್ತದೆ. ಉತ್ತು ಮಟ್ಟವಾದ ಹೊಲದಲ್ಲಿ ಕಂಬದ ಗುಂಡಿಯನ್ನು ಅದು ತೋರಿಸುವುದಿಲ್ಲ. ಅಲ್ಲಿಗೆ ನೆಲದ ಕಾಂತತೆ ಅಳೆಯುವ ಯಂತ್ರ ಬೇಕು. 1997ರಲ್ಲಿ ಇಂಗ್ಲೆಂಡಿನ ಸ್ಟ್ಯಾಂಟನ್ ಡ್ರೂ ಎಂಬ ಕಲ್ಲಿನ ವೃತ್ತದ ಒಳಗೆ ಇಂಥ ಯಂತ್ರ ಓಡಿಸಿದಾಗ ಗುಂಡಿಗಳ ಒಂಬತ್ತು ಸುತ್ತು ಕಂಡವು.

ಯಂತ್ರಕ್ಕೂ ತಪ್ಪಾಗುತ್ತದೆ. ವುಡ್‌ಹೆಂಜ್ ಪಕ್ಕದ ಡರಿಂಗ್ಟನ್ ವಾಲ್ಸ್‌ನಲ್ಲಿ ನೆಲದೊಳಗೆ ಸಾಲಾಗಿ ದೊಡ್ಡ ಕಲ್ಲುಗಳು ಮಲಗಿವೆ ಅಂತ 2015ರಲ್ಲಿ ದೊಡ್ಡ ಸುದ್ದಿಯಾಯಿತು. 2016ರಲ್ಲಿ ಅಗೆದರೆ ಕಲ್ಲಿಲ್ಲ, ಸೀಮೆಸುಣ್ಣ ತುಂಬಿದ ಕಂಬದ ಗುಂಡಿಗಳು! ನನಗೆ ಇದು ಕಲ್ಲಿಗಿಂತ ಒಳ್ಳೆಯ ಸುದ್ದಿ ಅನ್ನಿಸಿತು. ಅಷ್ಟು ದೊಡ್ಡ ಮರಗಳನ್ನು ನಿಲ್ಲಿಸಿ, ಮತ್ತೆ ಕಿತ್ತು, ಗುಂಡಿಗಳನ್ನು ತುಂಬಿದ್ದರು ಅಂದರೆ ಆ ಜನ ಏನೋ ಯೋಚನೆ ಬದಲಾಯಿಸಿದ್ದರು.

ಅಗೆತ ನಿಮ್ಮ ಕೆಲಸ ಅಲ್ಲ, ಆದರೆ ಅಗೆತದ ವರದಿ ಓದಲು ಬರಬೇಕು. ಗುಂಡಿಯನ್ನು ಅರ್ಧಕ್ಕೆ ಸೀಳಿ ತೆಗೆದ ಚಿತ್ರದಲ್ಲಿ ನಡುವೆ ಕೊಳವೆಯ ಹಾಗೆ ಕಪ್ಪು ಮಣ್ಣಿದ್ದರೆ ಕಂಬ ನಿಂತಲ್ಲೇ ಕೊಳೆತಿದೆ. ಇದ್ದಿಲು ಇದ್ದರೆ ಸುಟ್ಟಿದೆ. ಒಂದು ಬದಿಗೆ ಇಳಿಜಾರು ಇದ್ದರೆ ದೊಡ್ಡ ಕಂಬವನ್ನು ಅದರ ಮೇಲೆ ಜಾರಿಸಿ ಎತ್ತಿ ನಿಲ್ಲಿಸಿದ್ದಾರೆ, ವುಡ್‌ಹೆಂಜ್‌ನ ಹೊರಗಿನಿಂದ ಮೂರನೇ ಸುತ್ತಿನಲ್ಲಿ ಹಾಗಿದೆ. ಕಂಬದ ಎತ್ತರಕ್ಕೆ ಸಾಮಾನ್ಯವಾಗಿ ಗುಂಡಿಯ ಆಳದ ಮೂರು ಪಟ್ಟು ನೆಲದ ಮೇಲೆ ಅಂತ ಹಿಡಿಯುತ್ತಾರೆ, ಅದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂದಾಜು. ಕಾಲ ಹೇಳುವಾಗ ಯಾವುದನ್ನು ಪರೀಕ್ಷೆಗೆ ಕೊಟ್ಟರು ನೋಡಿ. ಇನ್ನೂರು ಮುನ್ನೂರು ವರ್ಷ ಬದುಕಿದ ಓಕ್‌ನ ಒಳಮರ ಕೊಟ್ಟರೆ ಅದು ಕಂಬ ನೆಟ್ಟ ಕಾಲಕ್ಕಿಂತ ಅಷ್ಟು ಹಳೆಯ ಉತ್ತರ ಕೊಡುತ್ತದೆ. ಹೇಜಲ್ ಕಾಯಿಯ ಸುಟ್ಟ ಚಿಪ್ಪು, ಧಾನ್ಯದ ಕಾಳು ಇಂಥ ಒಂದೇ ವರ್ಷ ಬೆಳೆದ ವಸ್ತು ಇದ್ದರೆ ಆ ಉತ್ತರವನ್ನು ನಂಬಬಹುದು.

ಹೊಸದು ಸಿಕ್ಕಿತು ಅನ್ನಿಸಿದರೆ ಮೊದಲು ಹಳೆಯ ದಾಖಲೆ ನೋಡಿ, ಆಮೇಲೆ ಆ ಪ್ರದೇಶದ ಪುರಾತತ್ವ ದಾಖಲೆ ಕಚೇರಿಗೆ ಬರೆಯಿರಿ. ನಿಖರ ಜಾಗವನ್ನು ಎಲ್ಲರೂ ನೋಡುವ ಕಡೆ ಹಾಕಬೇಡಿ, ಲೋಹಶೋಧಕ ಹಿಡಿದು ರಾತ್ರಿ ಬರುವವರಿದ್ದಾರೆ, ನಷ್ಟ ರೈತರಿಗೂ ಆಗುತ್ತದೆ. ಬರೆಯುವಾಗ ಫೋಟೊದ ದಿನಾಂಕ, ಹೊಲದಲ್ಲಿದ್ದ ಬೆಳೆ, ಮಣ್ಣಿನ ಬಗೆ, ಅಳತೆ, ಹೊಂದಿಕೆಯಲ್ಲಿ ಎಷ್ಟು ಮೀಟರ್ ತಪ್ಪಿರಬಹುದು, ಬೇರೆ ಯಾವ ಯಾವ ವರ್ಷದ ಚಿತ್ರ ನೋಡಿದಿರಿ, ಅದರಲ್ಲಿ ಯಾವುದರಲ್ಲಿ ಏನೂ ಕಾಣಲಿಲ್ಲ, ಇಷ್ಟೂ ಇರಲಿ. ಏನೂ ಕಾಣದ ವರ್ಷಗಳ ಪಟ್ಟಿಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮುಂದಿನ ಬರಗಾಲದಲ್ಲಿ ಅದೇ ಹೊಲದ ಮೇಲೆ ಹಾರುವವರಿಗೆ ಯಾವ ಬೆಳೆ ಇದ್ದಾಗ, ಯಾವ ವಾರದಲ್ಲಿ ಹೋಗಬೇಕು ಅನ್ನುವುದು ಆ ಪಟ್ಟಿಯಿಂದಲೇ ಗೊತ್ತಾಗುವುದು.